ತೊಟ್ಟಿಲು ತೂಗುವ ಸರದಿ ನಮ್ಮದೂ

ಕಳೆದ ತಿಂಗಳು ದಿವಾ ಪೂರ್ವದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆಯ ಬಿಡಾರ. ಬಂದವರಿಗೆಲ್ಲ ಒಳಗೆ ಜಾಗ ಸಾಲದೆ ಅರ್ಧ ಜನ ಹೊರಗಿನ ಪ್ಯಾಸೇಜಿನಲ್ಲಿ ಬಾಡಿಗೆ ಕುರ್ಚಿಗಳ ಮೇಲೆ ಕುಳಿತಿದ್ದರು. ತೊಟ್ಟಿಲ ಶಾಸ್ತ್ರ ಮುಗಿಯಿತು, ಮಗುವಿನ ಕಿವಿಯಲ್ಲಿ ಹೆಸರು ಹೇಳಿದ್ದಾಯಿತು, ಎಲೆ ಹಾಕಿದರು. ಆಗ ಊರ ಕಡೆಯ ಹಿರಿಯರೊಬ್ಬರು ಬಾಣಂತಿಯನ್ನು ನೋಡಿ, ಅಕ್ಕರೆಯಿಂದಲೇ, ಹೀಗೆಂದರು: “ಇನ್ನು ನಿನ್ನ ಸಂಗೀತಕ್ಕೆಲ್ಲ ಪುರುಸೊತ್ತು ಎಲ್ಲಿಂದ ಮಗಾ? ಇನ್ನು ಈ ಮಗುವಿನ ಅಳುವೇ ನಿನಗೆ ಸಂಗೀತ.” ಎಲ್ಲರೂ ನಕ್ಕರು. ಆಕೆಯೂ ನಕ್ಕಳು. ಹಿರಿಯರು ಅದೇ ಉಸಿರಿನಲ್ಲಿ ಮಗುವಿನ ತಂದೆಯ ಕಡೆ ತಿರುಗಿದರು: “ನೀನು ಮಾತ್ರ ಆದಿತ್ಯವಾರದ ಅಭ್ಯಾಸ ತಪ್ಪಿಸಬೇಡ ಮಾರಾಯ, ಮದ್ದಳೆಗೆ ನಮ್ಮಲ್ಲಿ ಬೇರೆ ಜನ ಇಲ್ಲ.”

ಈ ಎರಡನೆಯ ಮಾತಿಗೆ ಯಾರೂ ನಗಲಿಲ್ಲ. ಅದರಲ್ಲಿ ನಗುವಂಥದ್ದು ಏನಿದೆ ಎಂದು ಯಾರಿಗೂ ಅನಿಸಲಿಲ್ಲ. ಒಂದೇ ಮಗು, ಒಂದೇ ಮನೆ, ಒಂದೇ ದಿನ. ತಾಯಿಯ ಹವ್ಯಾಸಕ್ಕೆ ಮಂಗಳ ಹಾಡಿ, ತಂದೆಯ ಹವ್ಯಾಸಕ್ಕೆ ಸಂಘದ ಮುಖ್ಯ ಕರ್ತವ್ಯವೆಂಬ ಪಟ್ಟ ಕಟ್ಟಿದ್ದಾಯಿತು. ಆ ತಾಯಿ ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದವಳು. ವಿದ್ವತ್ ಪರೀಕ್ಷೆಗೆ ಕೂರಬೇಕೆಂದಿದ್ದವಳು. ಅದೇ ಕಟ್ಟಡದ ನಾಲ್ಕಾರು ಕನ್ನಡದ ಮಕ್ಕಳನ್ನು ಸಂಜೆ ಕೂರಿಸಿಕೊಂಡು ದೇವರನಾಮ ಹೇಳಿಕೊಡುತ್ತಿದ್ದವಳು. ನಾವೂ ಅಲ್ಲಿಯೇ ಇದ್ದೆವು. ಬಾಯಿ ತೆರೆದದ್ದು ಹೋಳಿಗೆ ತಿನ್ನಲಿಕ್ಕೆ ಮಾತ್ರ. ಅಂದು ಆಡದೆ ನುಂಗಿದ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ವಾದ ಇಷ್ಟೆ. ಮಗು ಬಂದ ಮನೆಯಲ್ಲಿ ಹವ್ಯಾಸ ಬಿಡಬೇಕೆ, ಬೇಡವೆ ಎಂಬುದು ತಪ್ಪು ಪ್ರಶ್ನೆ. ಯಾರ ಹವ್ಯಾಸ ನಿಲ್ಲುತ್ತದೆ, ಯಾರದು ನಡೆಯುತ್ತದೆ ಎಂಬುದೇ ಸರಿಯಾದ ಪ್ರಶ್ನೆ. ಅದಕ್ಕೆ ನಾವು ಗಂಡಸರು ಇದುವರೆಗೆ ಕೊಟ್ಟಿರುವ ಉತ್ತರ ನ್ಯಾಯದ್ದಲ್ಲ. ಅದರಿಂದ ನಷ್ಟ ಹೆಂಡತಿಯರಿಗೆ ಮಾತ್ರವೂ ಅಲ್ಲ. ಯಾವ ಕನ್ನಡವನ್ನು ಉಳಿಸುತ್ತೇವೆಂದು ನಾವು ಸಂಘ ಕಟ್ಟಿಕೊಂಡಿದ್ದೇವೆಯೋ ಆ ಕನ್ನಡಕ್ಕೇ ನಷ್ಟ.

ಮುಂಬಯಿ ಕನ್ನಡಿಗರ ಬಾಳಿನಲ್ಲಿ ಹವ್ಯಾಸವೆಂಬುದು ಸಣ್ಣ ಮಾತಲ್ಲ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. 1926ರಲ್ಲಿ ಮಾಟುಂಗದ ಮೈಸೂರು ಅಸೋಸಿಯೇಷನ್ ಹುಟ್ಟಿತು. ಇಂಥ ಸಂಸ್ಥೆಗಳನ್ನು ಕಟ್ಟಿದವರು ಹೊಟ್ಟೆಪಾಡಿನ ದುಡಿಮೆ ಮುಗಿಸಿ ಉಳಿದ ಹೊತ್ತನ್ನು ಕೊಟ್ಟವರು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಶಾಲೆಗೆ ಹೋದ ಹುಡುಗರು, ಆಫೀಸು ಬಿಟ್ಟ ಮೇಲೆ ನಾಟಕದ ತಾಲೀಮಿಗೆ ಓಡಿದ ಗುಮಾಸ್ತರು, ಶನಿವಾರ ರಾತ್ರಿ ಗೆಜ್ಜೆ ಕಟ್ಟಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹಾಜರಾದ ಹವ್ಯಾಸಿ ಕಲಾವಿದರು, ಇವರೆಲ್ಲರ ಬೆವರಿನ ಫಲ ನಮ್ಮ ಸಭಾಗೃಹಗಳು. ಅದನ್ನು ಅಲ್ಲಗಳೆಯುವ ಕೃತಘ್ನರು ನಾವಲ್ಲ. ಆದರೆ ಈ ಚರಿತ್ರೆಯಲ್ಲಿ ಒಂದು ಪುಟ ಬಿಟ್ಟುಹೋಗಿದೆ. ತಾಲೀಮು ಮುಗಿಸಿ ಕೊನೆಯ ಲೋಕಲಿನಲ್ಲಿ ಮನೆಗೆ ಬಂದ ಆ ಕಲಾವಿದನ ಕೂಸನ್ನು ಅಲ್ಲಿಯವರೆಗೆ ಎತ್ತಿಕೊಂಡಿದ್ದವರು ಯಾರು? ಸನ್ಮಾನ ಸಮಾರಂಭಗಳಲ್ಲಿ ಈ ಪ್ರಶ್ನೆಗೆ ಒಂದೇ ವಾಕ್ಯದ ಉತ್ತರ ಸಿಗುತ್ತದೆ: “ಅವರ ಶ್ರೀಮತಿಯವರ ಸಹಕಾರವನ್ನೂ ನೆನೆಯಬೇಕು.” ಗಂಡನಿಗೆ ಶಾಲು, ಹಾರ, ಫಲಕ. ಹೆಂಡತಿಗೆ ಪಕ್ಕದ ಕುರ್ಚಿ. ಮನೆಗೆ ಹೋಗುವಾಗ ಹಣ್ಣಿನ ಬುಟ್ಟಿ ಹೊರುವವಳೂ ಅವಳೇ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಿರಲಾರರು.

ಪರರನ್ನು ದೂರುವ ಮುನ್ನ ನಮ್ಮ ಲೆಕ್ಕ ಒಪ್ಪಿಸುವುದು ಒಳ್ಳೆಯದು. ಇಲ್ಲಿ ‘ನಾವು’ ಎಂದರೆ ಈ ಲೇಖನ ಬರೆಯುತ್ತಿರುವ ನಾವೇ. ಬಹುವಚನದ ಹಿಂದೆ ಅಡಗಿಕೊಳ್ಳುವ ಇಚ್ಛೆ ನಮಗಿಲ್ಲ.

ನಮ್ಮ ಮನೆಯವರ ತವರು ಧಾರವಾಡ. ಅವರಿಗೆ ಕಸೂತಿ ಬರುತ್ತದೆ. ಅಂಗಡಿಯ ಅಚ್ಚಿನ ಮೇಲೆ ಹಾಕುವ ಹೂಬಳ್ಳಿಯಲ್ಲ. ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ, ಹಿಂದೆ ಮುಂದೆ ಒಂದೇ ರೀತಿ ಕಾಣುವಂತೆ ಹಾಕುವ ನಿಜವಾದ ಕಸೂತಿ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕೂ ಬಗೆಯ ಹೊಲಿಗೆ ಅವರ ಕೈಗೆ ಬಂದಿದ್ದವು. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ಅವರ ಬೆರಳಿನಲ್ಲಿದ್ದವು. ಹದಿನಾರು ವರ್ಷಗಳ ಹಿಂದೆ ಬಸುರಿಯಾಗಿದ್ದಾಗ, ಹುಟ್ಟುವ ಕೂಸಿಗೆಂದು ಒಂದು ಕುಂಚಿಗೆಗೆ ತೇರು ಹಾಕಲು ತೊಡಗಿದರು. ಅರ್ಧ ತೇರು ಆಗುವಷ್ಟರಲ್ಲಿ ದಿನ ತುಂಬಿ ತವರಿಗೆ ಹೋದರು. ಉಳಿದರ್ಧ ಮಗು ಹುಟ್ಟಿದ ಮೇಲೆ ಆಗುತ್ತದೆಂದು ಅವರೂ ತಿಳಿದರು, ನಾವೂ ತಿಳಿದೆವು.

ನಾವೋ ನಾಟಕದ ಹುಚ್ಚಿನವರು. ಕೇಂದ್ರ ಸರಕಾರದ ನೌಕರನಿಗೆ ಹೆಂಡತಿಯ ಹೆರಿಗೆಯ ಕಾಲಕ್ಕೆ 15 ದಿನಗಳ ಪಿತೃತ್ವ ರಜೆ ಉಂಟು. 1997ರಿಂದ ಬಂದ ಸೌಲಭ್ಯ ಅದು. ನಾವು 15 ದಿನವನ್ನೂ ಪಡೆದೆವು. ಧಾರವಾಡದಲ್ಲಿ ಇದ್ದದ್ದು ನಾಲ್ಕೇ ದಿನ. ಸಂಘದ ವಾರ್ಷಿಕೋತ್ಸವ ಹತ್ತಿರ ಬಂದಿತ್ತು. ಐದನೆಯ ದಿನ ಗಾಡಿ ಹತ್ತಿ ಬಂದು, ಉಳಿದ ದಿನಗಳನ್ನು ತಾಲೀಮಿಗೆ ಕೊಟ್ಟೆವು. ಆಫೀಸಿನ ಕಾಗದದಲ್ಲಿ ನಾವು ತಂದೆ. ರಂಗದ ಮೇಲೆ ಸಾಹುಕಾರ. ಕೂಸಿನ ಹತ್ತಿರ ಮಾತ್ರ ಯಾರೂ ಅಲ್ಲ. ನಾಟಕ ಚೆನ್ನಾಯಿತೆಂದು ಎಲ್ಲರೂ ಹೊಗಳಿದರು. ಹೊಗಳಿದವರಲ್ಲಿ ಒಬ್ಬರಾದರೂ ನೀನು ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಲಿಲ್ಲ.

ಐದನೆಯ ತಿಂಗಳಿಗೆ ತಾಯಿ ಮಗು ದಿವಾಕ್ಕೆ ಬಂದರು. ಕೂಸು ಮಲಗಿದಾಗ ಕುಂಚಿಗೆ ತೆಗೆಯುತ್ತಿದ್ದರು. ಹತ್ತು ಎಳೆ ಎಣಿಸುವಷ್ಟರಲ್ಲಿ ಕೂಸು ಏಳುತ್ತಿತ್ತು. ಕೂಸು ಮಲಗಿದ್ದರೆ ಕುಕ್ಕರು ಕೂಗುತ್ತಿತ್ತು. ಕುಕ್ಕರು ಇಳಿಸಿದರೆ ನಳದಲ್ಲಿ ನೀರು ಬಂದಿರುತ್ತಿತ್ತು. ಒಂದು ದಿನ ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟರು. ಯಾಕೆಂದು ಕೇಳಿದೆವು. “ಎಳಿ ಲೆಕ್ಕಾ ತಪ್ಪಿ ಹೋಗ್ತದ್ರಿ. ಬಿಟ್ಟು ಬಿಟ್ಟು ಹಿಡಿಯೋ ಕೆಲಸಲ್ಲ ಇದು,” ಎಂದರು. ನಾವು “ಆಗಲಿ ಬಿಡು, ಕೂಸು ದೊಡ್ಡದಾಗಲಿ” ಎಂದು ಹೇಳಿ, ಕೈಚೀಲ ಹಿಡಿದು ತಾಲೀಮಿಗೆ ಹೊರಟೆವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಬಿ.ಎಸ್‌ಸಿ. ಓದಿದವರಿಗೆ ಲೆಕ್ಕದ ಚಟ ಬಿಡುವುದಿಲ್ಲ. ವಾರಕ್ಕೆ ಐದು ಗಂಟೆಯಂತೆ, ವರ್ಷಕ್ಕೆ 50 ವಾರವೆಂದರೆ ನಮ್ಮ ನಾಟಕಕ್ಕೆ 250 ಗಂಟೆ. ಹದಿನಾರು ವರ್ಷಕ್ಕೆ 4,000 ಗಂಟೆ. ಅವರ ಕಸೂತಿಗೆ ಸಿಕ್ಕಿದ್ದು ಸೊನ್ನೆ. ಈ 4,000 ಗಂಟೆ ಆಕಾಶದಿಂದ ಉದುರಿದ್ದಲ್ಲ. ಒಂದೇ ಮನೆಯ ಒಬ್ಬರ ಖಾತೆಯಿಂದ ತೆಗೆದು ಇನ್ನೊಬ್ಬರ ಖಾತೆಗೆ ಜಮಾ ಮಾಡಿದ್ದು, ಅದೂ ರುಜು ಕೇಳದೆ.

ನಮ್ಮ ಮನೆಯೊಂದರ ಕಥೆ ಎಂದು ತಳ್ಳಿಹಾಕುವವರಿಗೆ ಸರಕಾರದ ಲೆಕ್ಕವನ್ನೇ ಮುಂದಿಡುತ್ತೇವೆ. ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ರಾಷ್ಟ್ರೀಯ ಅಂಕಿಅಂಶ ಕಚೇರಿ 2019ರಲ್ಲಿ ದೇಶದಾದ್ಯಂತ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕಿದ ಹೆಂಗಸರು ನೂರಕ್ಕೆ 81. ಗಂಡಸರು ನೂರಕ್ಕೆ 26. ಕೈಹಾಕಿದವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ ದುಡಿದರೆ, ಗಂಡಸರು 97 ನಿಮಿಷ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು. ಹೆಂಗಸರದು 289ಕ್ಕೆ ಇಳಿದಿತ್ತು. ಸಂತೋಷ. ಆದರೆ ಗಂಡಸರದೂ 88ಕ್ಕೆ ಇಳಿದಿತ್ತು! ಹಾಗಾದರೆ ಹೆಂಗಸರ ಆ 10 ನಿಮಿಷವನ್ನು ಉಳಿಸಿದ್ದು ಗಂಡಸರ ಕೈಯಂತೂ ಅಲ್ಲ. ಮಿಕ್ಸರೋ, ಗ್ಯಾಸೋ, ಬಟ್ಟೆ ಒಗೆಯುವ ಯಂತ್ರವೋ ಇದ್ದೀತು. ಯಂತ್ರಕ್ಕಿರುವ ಕರುಣೆ ಗಂಡಂದಿರಿಗೆ ಬೇಡವೆ?

ಇನ್ನು ಆಕ್ಷೇಪಣೆಗಳಿಗೆ ಬರೋಣ. ಇವನ್ನು ನಾವೇ ಅನೇಕ ವರ್ಷ ಆಡಿದ್ದರಿಂದ ಚೆನ್ನಾಗಿ ಬಲ್ಲೆವು.

ಮೊದಲನೆಯದು: “ಗಂಡಸು ದುಡಿದು ದಣಿದು ಬರುತ್ತಾನೆ.” ನಿಜ. ದಿವಾದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ ಸುಮಾರು 43 ಕಿಲೋಮೀಟರ್ ದೂರ, ನಿಧಾನದ ಲೋಕಲಿನಲ್ಲಿ ಒಂದು ಗಂಟೆಗೂ ಮೇಲಿನ ದಾರಿ. ವೇಗದ ಲೋಕಲುಗಳು ಇಲ್ಲಿ ನಿಲ್ಲಲು ಆರಂಭಿಸಿದ್ದೇ 2016ರ ಡಿಸೆಂಬರಿನಲ್ಲಿ. ನಿಂತರೇನು? ಕಲ್ಯಾಣ, ಡೊಂಬಿವಲಿಗಳಲ್ಲೇ ತುಂಬಿ ಬರುವ ಗಾಡಿಯಲ್ಲಿ ಕಾಲಿಡಲು ಜಾಗವಿರಬೇಕಲ್ಲ? 2025ರ ಜೂನ್ 9ರ ಬೆಳಿಗ್ಗೆ ದಿವಾ, ಮುಂಬ್ರಾ ನಡುವೆ ಬಾಗಿಲಿಗೆ ಜೋತುಬಿದ್ದಿದ್ದ ಪ್ರಯಾಣಿಕರು ಹಳಿಯ ಮೇಲೆ ಬಿದ್ದು ಜೀವ ಕಳೆದುಕೊಂಡದ್ದನ್ನು ನಾವು ಮರೆಯಲಾರೆವು. ಆ ದಿನ ಸಂಜೆ ಈ ಊರಿನ ಎಷ್ಟೋ ಮನೆಗಳಲ್ಲಿ ಗಂಡ ಬಾಗಿಲು ತಟ್ಟುವವರೆಗೆ ಹೆಂಡತಿ ಒಲೆ ಹೊತ್ತಿಸಿರಲಿಕ್ಕಿಲ್ಲ. ಆದ್ದರಿಂದ ದಣಿವಿನ ಮಾತನ್ನು ನಾವು ಹಗುರಾಗಿ ತೆಗೆದುಕೊಳ್ಳುವವರಲ್ಲ.

ಆದರೆ ಸ್ವಾಮಿ, ಅದೇ ದಣಿದ ಗಂಡಸು ಭಾನುವಾರ ಮಧ್ಯಾಹ್ನ ಅದೇ ಲೋಕಲನ್ನು ಹತ್ತಿ ತಾಲೀಮಿಗೆ ಹೋಗುತ್ತಾನಲ್ಲ, ಆಗ ದಣಿವು ಎಲ್ಲಿಗೆ ಹೋಯಿತು? ಹವ್ಯಾಸ ದಣಿವು ಕಳೆಯುತ್ತದೆ ಎಂಬುದೇ ಅದಕ್ಕೆ ಉತ್ತರ. ಒಪ್ಪಿದೆವು. ಹಾಗಾದರೆ ರಾತ್ರಿ ಮೂರು ಸಲ ಎದ್ದು ಕೂಸಿಗೆ ಹಾಲೂಡಿಸಿದವಳಿಗೆ ದಣಿವಿಲ್ಲವೆ? ಅದು ಕಳೆಯುವುದು ಬೇಡವೆ? ಇಂದು ದಿವಾದ ಎಷ್ಟೋ ಹೆಣ್ಣುಮಕ್ಕಳೂ ಅದೇ ಗಾಡಿಯಲ್ಲಿ ನುಗ್ಗಿ ದುಡಿಯಲು ಹೋಗುತ್ತಾರೆ. ಅವರು ಮನೆಗೆ ಬಂದಾಗ ದಣಿದಿದ್ದೀಯಾ ಎಂದು ಕೇಳುವವರು ಯಾರು?

ಎರಡನೆಯ ಆಕ್ಷೇಪಣೆ: “ನಮ್ಮ ತಾಯಂದಿರು ಹೀಗೆಲ್ಲ ಕೇಳಲಿಲ್ಲ. ಹತ್ತು ಮಕ್ಕಳನ್ನು ಹೆತ್ತು ಸಾಕಿದರು.” ಸಾಕಿದರು, ಒಬ್ಬರೇ ಅಲ್ಲ. ಊರಿನ ಮನೆಯಲ್ಲಿ ಅಜ್ಜಿ ಇದ್ದಳು, ಅತ್ತೆ ಇದ್ದಳು, ಮದುವೆಯಾಗದ ನಾದಿನಿ ಇದ್ದಳು, ಪಕ್ಕದ ಮನೆಯ ಚಿಕ್ಕಮ್ಮ ಇದ್ದಳು. ಬಾಣಂತಿ ಕೋಣೆ ಬಿಟ್ಟು ಬರುವ ಹೊತ್ತಿಗೆ ಕೂಸು ಹತ್ತು ಕೈಗಳಿಗೆ ರೂಢಿಯಾಗಿರುತ್ತಿತ್ತು. ಒಬ್ಬರು ಎಣ್ಣೆ ತಿಕ್ಕಿದರೆ ಇನ್ನೊಬ್ಬರು ನೀರು ಹೊಯ್ಯುತ್ತಿದ್ದರು, ಮತ್ತೊಬ್ಬರು ಲೋಬಾನದ ಹೊಗೆ ಹಿಡಿಯುತ್ತಿದ್ದರು. ಬೀಸುವಾಗ ಹಾಡು, ಹಸೆ ಬರೆಯುವಾಗ ರಂಗೋಲಿಯ ಕಲೆ, ಮಧ್ಯಾಹ್ನ ಪಡಸಾಲೆಯಲ್ಲಿ ಕೌದಿ, ಕಸೂತಿ. ಅದನ್ನು ಹವ್ಯಾಸವೆಂದು ಯಾರೂ ಕರೆಯಲಿಲ್ಲ. ಆದರೆ ಹೆಂಗಸಿನ ಕಲೆಗೆ ಹೊತ್ತು ಎಂಬುದೊಂದು ಇತ್ತು. ದಿವಾದ ಬಿಡಾರದಲ್ಲಿ ಅಜ್ಜಿಯಿಲ್ಲ, ನಾದಿನಿಯಿಲ್ಲ. ಊರಿನಿಂದ ಬಂದ ತಾಯಿ ಎರಡು ತಿಂಗಳಿಗೆ, ಅಲ್ಲಿ ಅಪ್ಪನಿಗೆ ಅಡುಗೆಯಿಲ್ಲ ಎಂದು ಹೊರಟುನಿಲ್ಲುತ್ತಾಳೆ. ಆಮೇಲೆ ಕೂಸಿಗೆ ಇರುವುದು ನಾಲ್ಕೇ ಕೈ. ಅದರಲ್ಲಿ ಎರಡು ಕೈ ಮದ್ದಳೆಗೋ ನಾಟಕದ ಪಾತ್ರಕ್ಕೋ ಮೀಸಲಾದರೆ ಉಳಿದ ಎರಡು ಕೈಯಲ್ಲಿ ಸೂಜಿ ಹಿಡಿಯುವುದು ಹೇಗೆ, ತಂಬೂರಿ ಮೀಟುವುದು ಹೇಗೆ? ಊರಿನ ಹತ್ತು ಕೈಗಳನ್ನು ಬಿಟ್ಟು ಬಂದವರು ನಾವು. ಊರಿನ ಗಂಡಸಿನ ಬಿಡುವನ್ನು ಮಾತ್ರ ಜೊತೆಗೆ ತಂದೆವು.

ಮೂರನೆಯದು ಧರ್ಮದ ಬಣ್ಣ ಹಚ್ಚಿಕೊಂಡು ಬರುತ್ತದೆ: “ತಾಯ್ತನವೇ ತ್ಯಾಗ. ಅವಳು ಸಂತೋಷದಿಂದ ಬಿಡುತ್ತಾಳೆ.” ಸಂತೋಷದಿಂದ ಬಿಟ್ಟವರನ್ನು ನಾವು ಕಾಣೆವು. ಸುಮ್ಮನೆ ಬಿಟ್ಟವರನ್ನು ಕಂಡಿದ್ದೇವೆ. ಸುಮ್ಮನಿರುವುದನ್ನು ಸಂತೋಷವೆಂದು ಓದುವುದು ಗಂಡಸರಿಗೆ ಅನುಕೂಲವಾದ ಓದು. ಕೊಡಗಿನ ಗೌರಮ್ಮನವರನ್ನು ನೆನೆಯಿರಿ. 1912ರಲ್ಲಿ ಹುಟ್ಟಿದರು. ಗೃಹಿಣಿ, ಒಂದು ಗಂಡುಮಗುವಿನ ತಾಯಿ. ಆ ಕಾಲದಲ್ಲಿ, ಆ ಮಲೆನಾಡಿನ ಮೂಲೆಯಲ್ಲಿ ಕಥೆ ಬರೆದರು, ಟೆನಿಸ್ ಆಡಿದರು, ಈಜಿದರು. 1939ರಲ್ಲಿ, 27ನೆಯ ವಯಸ್ಸಿಗೇ, ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ‘ಕಂಬನಿ’, ‘ಚಿಗುರು’ ಎಂಬ ಅವರ ಕಥಾಸಂಕಲನಗಳು ಪುಸ್ತಕವಾಗಿ ಬಂದದ್ದು ಆಮೇಲೆ. ಮಗು ದೊಡ್ಡದಾಗಲಿ, ಆಮೇಲೆ ಬರೆದರಾಯಿತು ಎಂದು ಅವರು ಕಾದಿದ್ದರೆ ಕನ್ನಡಕ್ಕೆ ಒಂದು ಕಥೆಯೂ ದಕ್ಕುತ್ತಿರಲಿಲ್ಲ. ‘ಆಮೇಲೆ’ ಎಂಬುದು ಯಾರ ಕೈಯಲ್ಲಿದೆ?

ನಾಲ್ಕನೆಯದು ನ್ಯಾಯದ ಮಾತಿನಂತೆಯೇ ಕೇಳಿಸುತ್ತದೆ: “ಹಾಗಾದರೆ ಇಬ್ಬರೂ ಬಿಡಲಿ. ಮಗುವೇ ಮುಖ್ಯ.” ಇದನ್ನೂ ನಾವು ಒಪ್ಪುವುದಿಲ್ಲ. ಇಬ್ಬರೂ ಬಿಟ್ಟ ಮನೆಗಳನ್ನು ನೋಡಿದ್ದೇವೆ. ಸಂಜೆ ಒಬ್ಬರು ಒಂದು ಮೂಲೆಯಲ್ಲಿ, ಇನ್ನೊಬ್ಬರು ಇನ್ನೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂತಿರುತ್ತಾರೆ. ಮಗುವಿಗೂ ಒಂದು ಕೊಟ್ಟಿರುತ್ತಾರೆ. ಹವ್ಯಾಸ ಬಿಟ್ಟ ಹೊತ್ತೆಲ್ಲ ಮಗುವಿಗೆ ಸಲ್ಲುತ್ತದೆ ಎಂಬುದು ಭ್ರಮೆ.

ಇಲ್ಲಿ ನಮ್ಮಂಥ ಹೊರನಾಡಿನವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ದಿವಾದಲ್ಲಿ ಹುಟ್ಟಿದ ಕನ್ನಡದ ಕೂಸಿನ ಕಿವಿಗೆ ಏನು ಬೀಳುತ್ತದೆ? ಮೆಟ್ಟಿಲಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ, ಶಾಲೆಗೆ ಸೇರಿದ ಮೇಲೆ ಇಂಗ್ಲಿಷು. ಈ ಯಾವ ಭಾಷೆಯ ಮೇಲೂ ನಮಗೆ ದ್ವೇಷವಿಲ್ಲ. ಅನ್ನ ಕೊಟ್ಟ ನೆಲದ ಮಾತು ಮಗುವಿಗೆ ಬರಲೇಬೇಕು. ಆದರೆ ಕನ್ನಡ ಎಲ್ಲಿಂದ ಬರಬೇಕು? ಮನೆಯೊಳಗಿನಿಂದ. “ಹಾಲು ಕುಡಿ”, “ಚಪ್ಪಲಿ ಹಾಕು” ಎಂಬಷ್ಟು ಕನ್ನಡವಾದರೆ ಅದು ಆಜ್ಞೆಯ ಕನ್ನಡ. ಮಗು ಅದನ್ನು ಕೇಳಿಸಿಕೊಳ್ಳುತ್ತದೆ, ಉತ್ತರವನ್ನು ಹಿಂದಿಯಲ್ಲಿ ಕೊಡುತ್ತದೆ. ತಾಯಿ ರಾಗ ಎಳೆದು ಹಾಡಿದ ದೇವರನಾಮ, ತಂದೆ ಗಟ್ಟಿಯಾಗಿ ಓದಿಕೊಂಡ ನಾಟಕದ ಮಾತು, ಅಜ್ಜನ ಪ್ರಸಂಗದ ಅರ್ಥಗಾರಿಕೆ, ಇವೇ ಮಗುವಿನ ನಾಲಿಗೆಗೆ ಅಂಟುವ ಕನ್ನಡ. ನಮ್ಮ ಮಗಳಿಗೆ ಇಂದಿಗೂ ನಾಲ್ಕು ವಾಕ್ಯ ತಡೆಯಿಲ್ಲದೆ ಬರುವುದಿದ್ದರೆ ಅದು ನಮ್ಮ ನಾಟಕದ ಮಾತುಗಳು. ‘ಗವಂತಿ’, ‘ಮುರ್ಗಿ’ ಎಂಬ ಶಬ್ದಗಳೇ ಅವಳಿಗೆ ಗೊತ್ತಿಲ್ಲ. ತಾಯಿಯ ಕೈಕೆಲಸದ ಜೊತೆಗೆ ತಾಯಿಯ ಶಬ್ದಕೋಶದ ಅರ್ಧಭಾಗವೂ ಟ್ರಂಕು ಸೇರಿತು. ಆ ಸಂಗೀತದ ತಾಯಿ ಹಾಡು ನಿಲ್ಲಿಸಿದರೆ ಅವಳ ಮಗುವಿನ ಜೊತೆಗೆ ಆ ಕಟ್ಟಡದ ನಾಲ್ಕಾರು ಮಕ್ಕಳ ಕನ್ನಡವೂ ನಿಲ್ಲುತ್ತದೆ. ನವೆಂಬರಿನಲ್ಲಿ ಧ್ವಜ ಹಾರಿಸಿ ಭಾಷಣ ಮಾಡಿದರೆ ಅದು ಮರಳಿ ಬಾರದು.

ಸರಕಾರದ ಪಾಲಿನ ತಪ್ಪನ್ನೂ ಹೇಳಬೇಕು. ನಾವು ದಿನವೂ ಕೈಯಾಡಿಸುವ ರಜೆ ನಿಯಮಗಳಲ್ಲೇ ಅದು ಕಣ್ಣಿಗೆ ಹೊಡೆಯುತ್ತದೆ. ಕೇಂದ್ರ ನೌಕರಿಯ ತಾಯಿಗೆ 180 ದಿನಗಳ ಹೆರಿಗೆ ರಜೆ. ಅದು ನ್ಯಾಯವೇ. ಮಕ್ಕಳ ಪಾಲನೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ರಜೆಯೂ ಉಂಟು, ಮೊದಲ 365 ದಿನ ಪೂರ್ತಿ ಸಂಬಳ, ಮುಂದಿನ 365 ದಿನ ನೂರಕ್ಕೆ 80. ಆದರೆ ಅದು ಮಹಿಳೆಗೆ, ಇಲ್ಲವೇ ಒಂಟಿ ತಂದೆಗೆ. ಹೆಂಡತಿ ಇರುವ ತಂದೆಗೆ ಇಲ್ಲ. ಅವನಿಗೆ ಆ 15 ದಿನವೇ ಗತಿ. ಖಾಸಗಿ ಕೆಲಸದಲ್ಲಿ 2017ರ ತಿದ್ದುಪಡಿಯಿಂದ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಬಂತು. ತಂದೆಗೆ ಕಾನೂನು ಕೊಟ್ಟದ್ದು ಏನೂ ಇಲ್ಲ. ಧಣಿ ಕೊಟ್ಟರೆ ಉಂಟು. ಇದರ ಅರ್ಥವೇನು? ಹೆಂಡತಿ ಬದುಕಿರುವವರೆಗೆ ಗಂಡಸಿಗೆ ಮಗುವಿನ ಹೊಣೆಯಿಲ್ಲ ಎಂದು ಸರಕಾರವೇ ಮುದ್ರೆ ಒತ್ತಿದಂತೆ. ನೌಕರರ ಸಂಘಗಳು ತುಟ್ಟಿಭತ್ಯೆಗೆ ಕೂಗುವ ಅರ್ಧದಷ್ಟು ಗಟ್ಟಿಯಾಗಿ ತಂದೆಯ ರಜೆಗೂ ಕೂಗಲಿ. ಆದರೆ ಆ ರಜೆಯನ್ನು ನಮ್ಮ ಹಾಗೆ ತಾಲೀಮಿನಲ್ಲಿ ಕಳೆಯುವುದಿಲ್ಲವೆಂಬ ಮಾತನ್ನೂ ಕೊಡಲಿ. ಇಲ್ಲವಾದರೆ ಕೇಳುವ ಬಾಯಿ ನಮಗಿಲ್ಲ.

ಬರಿದೆ ದೂರಿದರೆ ಸಾಲದು, ದಾರಿ ತೋರಿಸಿ ಎನ್ನುವಿರಿ. ತೋರಿಸುತ್ತೇವೆ. ಖರ್ಚಿನ ದಾರಿಯಲ್ಲ.

ಮನೆಯೊಳಗೆ ಮೊದಲು. ಹಾಲಿನ ಲೆಕ್ಕ, ಗ್ಯಾಸಿನ ತಾರೀಖು ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಹೊತ್ತಿನ ಲೆಕ್ಕವನ್ನೂ ಬರೆಯಿರಿ. ವಾರಕ್ಕೆ ಎರಡು ಗಂಟೆ ತಾಯಿಗೆ, ಎರಡು ಗಂಟೆ ತಂದೆಗೆ. ತಾಯಿಯದು ಮೊದಲು ಗುರುತಾಗಬೇಕು. ಆ ಎರಡು ಗಂಟೆ ಮುರಿಯದ ಎರಡು ಗಂಟೆ ಆಗಿರಬೇಕು. ಐದು ನಿಮಿಷ, ಹತ್ತು ನಿಮಿಷದ ಚೂರುಗಳನ್ನು ಕೂಡಿಸಿ ಎರಡು ಗಂಟೆಯೆಂದು ತೋರಿಸುವುದು ಗುಮಾಸ್ತರ ಚಾಲಾಕಿ. ಕಸೂತಿಯ ಎಳೆಯಾಗಲಿ, ರಾಗದ ಆಲಾಪನೆಯಾಗಲಿ, ಕಥೆಯ ಪುಟವಾಗಲಿ ಚೂರಿನಲ್ಲಿ ಕೂಡಿಬರುವುದಿಲ್ಲ. ಹವ್ಯಾಸವೇ ಇಲ್ಲದ ತಾಯಿಯಾದರೆ ಮಲಗಲಿ. ನಿದ್ದೆಗೂ ಆ ಹಕ್ಕಿದೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಹಾಲೇ ಆಹಾರವೆಂದು ವೈದ್ಯರು ಹೇಳುತ್ತಾರೆ. ಆ ಒಂದು ಕೆಲಸ ತಂದೆಯಿಂದ ಆಗದು. ಉಳಿದ ಯಾವುದು ಆಗದು? ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು, ತೇಗು ಬರಿಸುವುದು, ತೊಟ್ಟಿಲು ತೂಗುವುದು, ಇವಕ್ಕೆ ಯಾವ ದೇವರೂ ಗಂಡು ಹೆಣ್ಣೆಂದು ಗುರುತು ಹಾಕಿ ಕಳಿಸಿಲ್ಲ.

ಎರಡನೆಯದು ಸಂಘಗಳಿಗೆ. ಮುಂಬಯಿಯಲ್ಲಿ ಸಂಜೆ ಆರಕ್ಕೆ ಎಂದು ಅಚ್ಚು ಹಾಕಿ, ಏಳಕ್ಕೆ ದೀಪ ಹಚ್ಚಿ, ಹತ್ತಕ್ಕೆ ವಂದನಾರ್ಪಣೆ ಮಾಡಿದರೆ ಕೂಸು ಎತ್ತಿಕೊಂಡ ದಿವಾದ ತಾಯಿ ಬರುವುದೆಂತು, ಮರಳುವುದೆಂತು? ತಿಂಗಳಿಗೊಂದು ಕಾರ್ಯಕ್ರಮವಾದರೂ ಮಧ್ಯಾಹ್ನ ಮೂರಕ್ಕೆ ಆರಂಭವಾಗಲಿ, ಅದೂ ಡೊಂಬಿವಲಿ, ಕಲ್ಯಾಣ, ದಿವಾದ ಕಡೆಗೇ ಬರಲಿ. ಸಭಾಗೃಹದ ಒಂದು ಕೋಣೆಯಲ್ಲಿ ಚಾಪೆ ಹಾಸಿ, ಎರಡು ತೊಟ್ಟಿಲು ಕಟ್ಟಿ. ಕಾಯಲು ಇಬ್ಬರು ಸ್ವಯಂಸೇವಕರು, ಗಂಡಸರು, ಸರದಿಯ ಮೇಲೆ. ಕುರ್ಚಿ ಹಾಕಲು, ಮೈಕು ಹಿಡಿಯಲು ಸ್ವಯಂಸೇವಕರು ಸಿಗುವುದಾದರೆ ಇದಕ್ಕೇಕೆ ಸಿಗಬಾರದು? ಅಳುವ ಮಗುವಿನಿಂದ ಸಭೆ ಕೆಡುತ್ತದೆ ಎನ್ನುವ ಪದಾಧಿಕಾರಿಗಳಿಗೆ ಒಂದು ಮಾತು: ಮಗು ಅಳದ ಸಭೆ ಇನ್ನು ಇಪ್ಪತ್ತು ವರ್ಷದಲ್ಲಿ ಖಾಲಿ ಸಭೆ. ಕೂದಲು ನರೆತವರೇ ತುಂಬಿದ ಸಾಲುಗಳನ್ನು ನೋಡಿದ ಮೇಲೂ ಇದು ಅರ್ಥವಾಗದಿದ್ದರೆ ಯಾರೂ ಏನೂ ಮಾಡುವಂತಿಲ್ಲ.

ಮೂರನೆಯದು ಹವ್ಯಾಸಿ ತಂಡಗಳಿಗೆ. ತಂಡದಲ್ಲಿ ಒಬ್ಬನಿಗೆ ಮಗುವಾದರೆ ಮೊದಲ ಆರು ತಿಂಗಳು ಅವನಿಗೆ ಮುಖ್ಯ ಪಾತ್ರ ಕೊಡಬೇಡಿ, ವಾರಕ್ಕೊಂದಕ್ಕಿಂತ ಹೆಚ್ಚು ಸಲ ಕರೆಯಬೇಡಿ. ಅವನು ತಾನಾಗಿ ಬಂದರೆ, ಮನೆಯಲ್ಲಿ ಕೂಸನ್ನು ಯಾರಿಗೆ ಒಪ್ಪಿಸಿ ಬಂದೆ ಎಂದು ಕೇಳಿ. ಅಂದು ನಮ್ಮನ್ನು ಒಬ್ಬರಾದರೂ ಹೀಗೆ ಕೇಳಿದ್ದರೆ ನಾಚಿಕೆಗಾದರೂ ಧಾರವಾಡದ ಗಾಡಿ ಹತ್ತುತ್ತಿದ್ದೆವು.

ಮೊನ್ನೆ ಆ ಟ್ರಂಕು ತೆಗೆದು ಕುಂಚಿಗೆಯನ್ನು ಹೊರಗಿಟ್ಟೆವು. ಬಿಳಿ ಬಟ್ಟೆ ಹಳದಿಯಾಗಿದೆ. ಅರ್ಧ ತೇರು ಹಾಗೆಯೇ ಇದೆ, ಗಾಲಿ ಉಂಟು, ಕಳಸವಿಲ್ಲ. ಇದನ್ನು ಈಗಲಾದರೂ ಮುಗಿಸಬಹುದಲ್ಲ ಎಂದು ದೊಡ್ಡ ಉಪಕಾರ ಮಾಡುವವರಂತೆ ಕೇಳಿದೆವು. ಮನೆಯವರು ಬೆಳಕಿಗೆ ಹಿಡಿದು ನೋಡಿದರು. “ಎಳಿ ಈಗ ಕಾಣಿಸೂದಿಲ್ರಿ, ಚಾಳೀಸ ಬಂದದ. ಲೆಕ್ಕಾನೂ ಮರತೇನಿ,” ಎಂದು ಮಡಿಸಿಟ್ಟರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ನಮಗೆ ಹಗುರಾಗುತ್ತಿತ್ತು. ಹೋದ ಹೊತ್ತನ್ನು ಯಾವ ಖಾತೆಯಿಂದಲೂ ಮರಳಿ ಕಟ್ಟಿಕೊಡಲಾಗದು.

ಆದರೆ ಆ ನಾಮಕರಣದ ಮನೆಯಲ್ಲಿ ಇನ್ನೂ ಹೊತ್ತು ಮೀರಿಲ್ಲ. ಆ ತಾಯಿಗೆ ವಿದ್ವತ್ ಪರೀಕ್ಷೆಗೆ ಕೂರುವ ವಯಸ್ಸಿದೆ, ಕಂಠವಿದೆ. ಮದ್ದಳೆಯ ತಂದೆಗೆ ನಾವು ಹೋಗಿ ಹೇಳಿದ್ದೇವೆ: ಆದಿತ್ಯವಾರ ಬಿಟ್ಟು ಆದಿತ್ಯವಾರ ಮದ್ದಳೆ, ನಡುವಿನ ಆದಿತ್ಯವಾರ ಮಗು ನಿನ್ನ ತೊಡೆಯ ಮೇಲೆ, ತಂಬೂರಿ ಅವಳ ತೊಡೆಯ ಮೇಲೆ. ಅವನು ತಲೆ ಕೆರೆದುಕೊಂಡ, ಆದರೆ ಇಲ್ಲವೆನ್ನಲಿಲ್ಲ. ಅವನು ಅಭ್ಯಾಸಕ್ಕೆ ಹೋದ ದಿನ ಸಂಜೆ ನಾಲ್ಕರಿಂದ ಆರರವರೆಗೆ ಆ ಕೂಸನ್ನು ಆಡಿಸಲು ನಾವು ಗಂಡ ಹೆಂಡತಿ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಹಾಗಾಗಿ ಈ ವರ್ಷದ ವಾರ್ಷಿಕೋತ್ಸವದ ನಾಟಕದಲ್ಲಿ ನಮಗೆ ಪಾತ್ರ ಬೇಡವೆಂದು ತಂಡಕ್ಕೆ ಕಾಗದ ಬರೆದುಕೊಟ್ಟಿದ್ದೇವೆ. ಬರೆಯುವಾಗ ಕೈ ನಡುಗಲಿಲ್ಲವೆಂದು ಸುಳ್ಳು ಹೇಳಲಾರೆವು. 4,000 ಗಂಟೆಯ ಸಾಲದಲ್ಲಿ ಇದು ಮೊದಲ ಕಂತು. ಬೇರೆಯವರ ಮನೆಗೆ ಸಲ್ಲುತ್ತಿದೆ, ಅಷ್ಟೆ.

ನಮ್ಮ ಮಾತು ಒಪ್ಪದವರು ಇರಬಹುದು. ಅವರು ಈ ಪತ್ರಿಕೆಗೆ ಬರೆಯಲಿ, ಸಂತೋಷದಿಂದ ಓದುತ್ತೇವೆ. ಒಂದೇ ನಿವೇದನೆ: ಬರೆಯಲು ಕೂರುವಾಗ ಮನೆಯಲ್ಲಿ ಕೂಸು ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ನೋಡಿಕೊಂಡು, ಆ ಮೇಲೆ ಲೇಖನಿ ಹಿಡಿಯಲಿ.